ಐವತ್ತನಾಲ್ಕು ಮೆಟ್ಟಿಲು

"ಕಷಾಯ ಇಲ್ಲ. ಬೊಬ್ಬೆ ಹಾಕಿದ್ರೂ ಇಲ್ಲ. ಸುಮ್ಮನೆ ಕೂತ್ಕೊಳ್ಳಿ."

"ಗಂಡ ಹೊಟ್ಟೆ ಹಿಡ್ಕೊಂಡು ಸಾಯ್ತಾ ಇದ್ದಾನೆ, ನಿಂಗೆ ಹಟವಾ?" ಮಹಾಲಿಂಗರು ಪಕ್ಕೆಲುಬುಗಳ ಕೆಳಗೆ ಅಂಗೈ ಒತ್ತಿಕೊಂಡು ಕುರ್ಚಿಗೆ ಕುಸಿದರು.

ನಿಗಡಿ ಪೇಟೆಯ ಒಂದು ಹಳೇ ಕಟ್ಟಡದಲ್ಲಿ ಕೆಳಗೆ ಅವರ ಹೋಟೆಲು, ಮೂರನೇ ಮಾಳಿಗೆಯಲ್ಲಿ ಮನೆ. ಲಿಫ್ಟ್ ಇಲ್ಲ. ತಿಂಡಿಯ ಗದ್ದಲ ಮುಗಿಸಿ ಮೇಲೆ ಬಂದರೆ ನಾಲ್ಕು ತಿಂಗಳಿಂದ ಇದೇ ನೋವು. ಜೀರಿಗೆ ಕಷಾಯ ಕುಡಿಯುವುದು, ಒಂದು ತೇಗು, ನೋವು ಮಾಯ. ಸ್ಕ್ಯಾನಾಯಿತು, ಗಂಟಲಲ್ಲಿ ಕೊಳವೆ ಇಳಿಸಿ ನೋಡಿದ್ದೂ ಆಯಿತು. ಪಿತ್ತದ ಕಲ್ಲಿಲ್ಲ, ಹುಣ್ಣಿಲ್ಲ. ಆ ರಿಪೋರ್ಟನ್ನು ಮಹಾಲಿಂಗರು ಮದುವೆ ಕಾಗದದ ಹಾಗೆ ಕಂಡವರಿಗೆಲ್ಲ ತೋರಿಸುತ್ತಿದ್ದರು. ಮೆಟ್ಟಿಲು ಹತ್ತಿದಾಗ ಮಾತ್ರ ನೋವೆಂದು ಡಾಕ್ಟರಿಗೆ ಹೇಳಿರಲಿಲ್ಲ. ಹೊಟ್ಟೆನೋವಿಗೂ ಮೆಟ್ಟಿಲಿಗೂ ಎಂತ ಸಂಬಂಧ ಎಂಬುದು ಅವರ ವಾದ.

ಹೆಂಡತಿ ಪಂಕಜಾಕ್ಷಿ ಗಡಿಯಾರ ನೋಡುತ್ತ ನಿಂತಳು. ಅವಳ ಮಂಡಿಗೆ ವ್ಯಾಯಾಮ ಮಾಡಿಸಲು ಬರುವ ಯಶ್ಮಿತಾ ನಿನ್ನೆಯಷ್ಟೇ ಹೇಳಿದ್ದಳು, ವಯಸ್ಸಾದವರಿಗೆ ಹೃದಯದ ನೋವು ಕೆಲವೊಮ್ಮೆ ಹೊಟ್ಟೆಯಲ್ಲಿ ಕಾಣಿಸುತ್ತದೆ, ಹತ್ತಿದಾಗ ಬಂದು ಕೂತಾಗ ಹೋದರೆ ತಡ ಮಾಡಬಾರದು ಎಂದು.

ಆರು ನಿಮಿಷಕ್ಕೆ ಮಹಾಲಿಂಗರ ಕೈ ತಾನಾಗಿ ಕೆಳಗಿಳಿಯಿತು.

"ಹೋಯ್ತಲ್ಲ? ಕಷಾಯ ಕೊಟ್ಟಿದ್ದೇನಾ ನಾನು? ನೋವು ಹೋದದ್ದು ನೀವು ಕೂತದ್ರಿಂದ, ಮಾರಾಯ್ರೆ. ಇದು ಹೊಟ್ಟೆಯದ್ದಲ್ಲ, ಹೃದಯದ್ದು. ಇವತ್ತೇ ತೋರಿಸುವ."

ಇಷ್ಟು ದಿನ ಆ ಕಷಾಯದ ಲೋಟವನ್ನು ಅವರ ಕೈಗೆ ಕೊಟ್ಟವಳು ಅವಳೇ.

"ಗೊತ್ತುಂಟು ನಿನ್ನ ಉಪಾಯ. ನನ್ನ ಎದೆ ಕೊಯ್ಸಿ, ನಿನ್ನ ಹಾಗೆ ಇಲ್ಲೇ ಕಟ್ಟಿ ಹಾಕ್ಬೇಕು."

ಪಂಕಜಾಕ್ಷಿಯ ಮಂಡಿ ಮುರಿದು ಐದು ತಿಂಗಳಾಗಿತ್ತು, ಮೆಟ್ಟಿಲಿಳಿಯಲು ಆಗುತ್ತಿರಲಿಲ್ಲ. ರಸ್ತೆಯನ್ನು ಕಿಟಕಿಯಿಂದ ಬಿಟ್ಟರೆ ಕಂಡಿರಲಿಲ್ಲ. ಅವರು ಹೊರಡಲು ಎದ್ದಾಗ ಅವಳು ಬಾಗಿಲಿಗೆ ಊರುಗೋಲು ಅಡ್ಡ ಹಿಡಿದಳು. ಅವರು ಅದನ್ನು ಸರಿಸಿ ಗೋಡೆಗೆ ಒರಗಿಸಿದರು. ಊಟಕ್ಕೆ ಬರುವಾಗ ಕಷಾಯ ತಯಾರಿರಲಿ ಎಂದು ಹೇಳಿ ಇಳಿದು ಹೋದರು.

ಹೋಟೆಲಿನಲ್ಲಿದ್ದ ಮಗ ಪ್ರಜ್ವಲನಿಗೆ ಫೋನು ಮಾಡಿ, ಅಪ್ಪನನ್ನು ಮೆಟ್ಟಿಲು ಹತ್ತಲು ಬಿಡಬೇಡ, ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದಳು. ಈಗ ಹೇಳಿದರೆ ಗಿರಾಕಿಗಳ ಮುಂದೆಯೇ ಬೈಯುತ್ತಾರೆ, ಸಂಜೆ ನೋಡುವ ಎಂದ ಅವನು.

ಒಂದೂವರೆಗೆ ಚಪ್ಪಲಿಯ ಸದ್ದು ಕೇಳಿತು. ಒಂದೊಂದು ಮಾಳಿಗೆಗೆ ಹದಿನೆಂಟು ಮೆಟ್ಟಿಲು, ಒಟ್ಟು ಐವತ್ತನಾಲ್ಕು. ಅವಳು ಹೊಸಿಲಲ್ಲಿ ನಿಂತು ಎಣಿಸಿದಳು. ಹತ್ತಬೇಡಿ, ಅಲ್ಲೇ ಕೂತ್ಕೊಳ್ಳಿ ಎಂದು ಕೂಗಿದಳು.

"ಕಷಾಯ ಆಯ್ತಾ?" ಎಂದಿತು ಕೆಳಗಿನಿಂದ ಸ್ವರ.

ಮೂವತ್ತೊಂಬತ್ತು. ನಲವತ್ತು. ನಲವತ್ತೊಂದು.

ಸದ್ದು ನಿಂತಿತು. ಅಂತೂ ನನ್ನ ಮಾತು ಕೇಳಿ ಕೂತರು ಎಂದುಕೊಂಡಳು. ಆರು ನಿಮಿಷ ಕಾದಳು. ಮತ್ತೆ ಆರು. ಗಂಡನನ್ನು ಎಂದೂ ಹೆಸರು ಹಿಡಿದು ಕರೆಯದ ಹೆಂಗಸು ಹೆಸರು ಹಿಡಿದೇ ಕರೆದಳು.

ನಲವತ್ತೆರಡನೆಯ ಸದ್ದು ಬರಲೇ ಇಲ್ಲ.