ಕಳಿಸಿದವರು: ಹನುಮಪ್ಪ

ರಾಟಿ ನಿಂತಿತು, ಅವ್ವನ ಎಳೆ ಹರಿದಿರಬೇಕು, ಈಗ ತೋರುಬೆರಳು ಬಾಯಲ್ಲಿಟ್ಟು ಒದ್ದೆ ಮಾಡಿ ಗಂಟು ಹಾಕುತ್ತಾಳೆ, ಮೂವತ್ತು ವರ್ಷ ನೂಲು ಓಡಿ ಓಡಿ ಆ ಬೆರಳಿಗೆ ಗೀರು ಬಿದ್ದಿದೆ, ಉಣ್ಣುವಾಗ ಖಾರ ಒಳಗೆ ಹೊಕ್ಕು ಉರಿಯುತ್ತದಂತೆ — ಉರಿಯಲಿ, ನನಗೂ ಉರಿಯುತ್ತಿದೆ, ಆ ತಂತ್ರಾಂಶ ನೋಡಿಕೊಳ್ಳುವ ಪರದೇಶದ ಮನುಷ್ಯನ ಮೇಲ್ ಬಂದಿದೆ, ನಾಲ್ಕನೆಯದು, ಈ ಸಲ ಏನು ತಕರಾರೋ. ಸೀರೆ ನಕ್ಷೆ ಬಿಡಿಸುವ ಬಿಟ್ಟಿ ತಂತ್ರಾಂಶ, ಯಾರು ಬೇಕಾದರೂ ತಿದ್ದಿ ಕಳಿಸಿ ಎಂದು ದೊಡ್ಡದಾಗಿ ಬರೆದುಕೊಂಡಿದ್ದಾರೆ, ಕಳಿಸಿ ನೋಡಿ, ಗೊತ್ತಾಗುತ್ತದೆ. ಸೀರೆಯಂಚಿನ ದಡಿಯ ಕೊನೆಯ ಎಳೆಯನ್ನೇ ಅದು ಬಿಟ್ಟುಬಿಡುತ್ತಿತ್ತು, ಕಂಡುಹಿಡಿದವಳು ನಾನು, ಬೆಟಗೇರಿಯ ಸೌಂದರ್ಯಾ, ಅದನ್ನು ಸರಿಮಾಡುವ ಏಳು ಸಾಲಿನ ಪ್ಯಾಚ್ ಬರೆದವಳೂ ನಾನು. ಮೊದಲ ಸಲ ಫೈಲ್ ಲಗತ್ತಿಸಿದೆ, ಲಗತ್ತು ನಾವು ತೆರೆಯುವುದಿಲ್ಲ, ಮೇಲ್‌ನಲ್ಲೇ ಬರೆಯಿರಿ ಎಂದು ಉತ್ತರ. ಬರೆದೆ, ಸಾಲುಗಳು ಮುರಿದಿವೆ, ಮತ್ತೆ ಕಳಿಸಿ. ಕಳಿಸಿದೆ, ಈ ತಿದ್ದುಪಡಿ ಯಾಕೆ ಬೇಕು ವಿವರಿಸಿ, ಮಿಸ್ಟರ್ ಹನುಮಪ್ಪ. ಮಿಸ್ಟರ್ ಹನುಮಪ್ಪನಂತೆ! ಮೇಲ್ ಖಾತೆ ಅಪ್ಪನದು, ನೇಕಾರರ ಕಾರ್ಡಿಗೆ ಅರ್ಜಿ ಹಾಕುವಾಗ ನಾನೇ ತೆರೆದುಕೊಟ್ಟದ್ದು, ಮನೆಗೆಲ್ಲ ಅದೊಂದೇ, ನನಗೊಂದು ಬೇರೆ ಬೇಕೆಂದು ಹೊಳೆಯಲೂ ಇಲ್ಲ, ನನ್ನ ಬುದ್ಧಿಗೆ ಬೆಂಕಿ ಹಾಕ. ಕೀಬೋರ್ಡ್ ಮುಟ್ಟದ ಅಪ್ಪ ಚಹಾದಂಗಡಿಯಲ್ಲಿ ಹೇಳಿಕೊಂಡು ಬಂದ, ನನ್ನ ಹೆಸರು ಪರದೇಶಕ್ಕ ಹೋಗೇತಿ ನೋಡ್ರಿ. ಅಪ್ಪಾ, ಬರದಾಕಿ ನಾನು. ಯಾರ ಹೆಸರಾದ್ರ ಏನವಾ, ಮನಿ ಒಂದ ಅಲ್ಲೇನು. ಹೌದೌದು, ಒಂದೇ ಮನೆ, ಗೋಡೆಯ ಮೇಲೆ ಕಟ್ಟು ಹಾಕಿಸಿದ ಪ್ರಶಸ್ತಿ ಪತ್ರವೂ ಒಂದೇ, ಉತ್ತಮ ನೇಕಾರ ಹನುಮಪ್ಪ, ಆ ಸೀರೆಗೆ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಿದವಳು ಅವ್ವ, ಮಗ್ಗಕ್ಕೆ ಏರಿಸುವ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ಹಾಸಿನ ತುದಿಗೆ ಒಂದೊಂದಾಗಿ ಹೊಸೆದವಳು ಅವ್ವ, ದಡಿಯ ನಕ್ಷೆ ಅವ್ವನ ತಲೆಯೊಳಗಿನದು, ಫೋಟೊ ತೆಗೆಯುವಾಗ ಮಾತ್ರ ಅವ್ವ ಬಂದವರಿಗೆ ಚಹಾ ಕಾಸುತ್ತಿದ್ದಳು, ಆ ಗೀರುಬೆರಳಿನ ಕೈಯಿಂದಲೇ ಸಕ್ಕರೆ ಹಾಕಿ. ನಾನು ಬಿಡುವವಳಲ್ಲ, ಮೊನ್ನೆ ವಿವರಣೆಯನ್ನೂ ಬರೆದು, ಪ್ಯಾಚಿನ ಕೆಳಗೆ ಸಹಿ ಸೌಂದರ್ಯಾ ಎಂದು ಹೊಡೆದು ಕಳಿಸಿದೆ — ಮತ್ತೆ ಅಪ್ಪನ ಖಾತೆಯಿಂದಲೇ, ಸಿಟ್ಟಿನ ಕೈಯಲ್ಲಿ ಬುದ್ಧಿ ಎಲ್ಲಿರುತ್ತದೆ.

ಆ ನಾಲ್ಕನೆಯ ಮೇಲ್ ತೆರೆದೆ. ಮಿಸ್ಟರ್ ಹನುಮಪ್ಪ, ಕಳಿಸಿದವರು ನೀವು, ಸಹಿ ಇನ್ನೊಬ್ಬರದು, ನಿಜವಾಗಿ ಇದು ಯಾರ ಕೆಲಸ, ಮಾಡಿದವರ ಒಪ್ಪಿಗೆ ಕೇಳಿದ್ದೀರಾ, ಅದು ತಿಳಿಯುವವರೆಗೆ ಸೇರಿಸುವುದಿಲ್ಲ. ಮತ್ತೆ ಓದಿದೆ, ಮೈಯೆಲ್ಲ ಸುಡುವಂಥ ನಗು ಬಂತು, ಇಷ್ಟು ವರ್ಷದಲ್ಲಿ ಅಪ್ಪನನ್ನು ಈ ಮಾತು ಕೇಳಿದ ಮೊದಲ ಗಂಡಸು ಇವನು, ಮುಖ ಕಾಣದ ತಕರಾರಿನವನು. ಹೊಸ ಖಾತೆ ತೆರೆಯುತ್ತೇನೆ, ಐದನೆಯ ಸಲ ಕಳಿಸುತ್ತೇನೆ, ಇರಲಿ, ಅದಕ್ಕೆ ಮೊದಲು — ಅಪ್ಪಾ, ನಿನಗ ಪತ್ರ ಬಂದೈತಿ. ಏನಂತವಾ? ಇದು ಖರೇನ ಯಾರ ಕೆಲಸ, ಮಾಡಿದವರ್ನ ಒಂದ್ ಮಾತು ಕೇಳೀಯೇನು ಅಂತ. ಲಾಳಿ ನಡುವೆಯೇ ನಿಂತಿತು, ಅಪ್ಪ ಮಗ್ಗದಿಂದ ತಲೆ ಎತ್ತಲಿಲ್ಲ, ಯಾವ ಕೆಲಸಾ, ಅಂದ, ದನಿ ಸಣ್ಣದಾಗಿತ್ತು, ನಾನು ಬಾಯಿ ತೆರೆಯುವುದರೊಳಗೆ ರಾಟಿಯೂ ನಿಂತಿತು, ಈ ಸಲ ಎಳೆ ಹರಿದಿಲ್ಲ, ಅವ್ವ ಕೈ ಎತ್ತಿದಳು, ಗೋಡೆಯ ಆ ಪ್ರಶಸ್ತಿ ಪತ್ರದ ಕಟ್ಟಿನ ಕಡೆಗೆ, ತೋರುಬೆರಳು, ಗೀರು ಬಿದ್ದ ಬೆರಳು, ಇಳಿಸುತ್ತಿಲ್ಲ ಆ ಬೆರಳನ್ನು.