ಫಿಯಪೈಪೈ ತೂಗಿದ ಹದಿನಾಲ್ಕು ಮಕ್ಕಳು

ಸಮೋವಾದ ಆ ಹಳ್ಳಿಯಲ್ಲಿ ಬಸ್ಸಿಳಿದಾಗ ಲೆಮಾಪುವಿಗೆ ಖಚಿತವಾಗಿದ್ದದ್ದು ಒಂದೇ: ತಾನು ಮಾಡಿದ ಆ್ಯಪಿನಲ್ಲಿ ತಪ್ಪಿಲ್ಲ. ಪೇಟೆಯ ಆರೋಗ್ಯ ಕಚೇರಿಯಲ್ಲಿ ಕೂತು ಮೂರು ದಿನ ಹುಡುಕಿದ್ದಳು. ಬೇರೆ ಹಳ್ಳಿಗಳಿಂದ ಕೂಸುಗಳ ತೂಕದ ಪಟ್ಟಿ ಸರಿಯಾಗಿ ಬರುತ್ತಿತ್ತು. ಇಲ್ಲಿಂದ ಮಾತ್ರ ಮೂರು ತಿಂಗಳಿಂದ ಬಂದಿರಲಿಲ್ಲ.

ಇಲ್ಲಿ ಮಹಿಳಾ ಸಮಿತಿಯ ಪರವಾಗಿ ಮೂವತ್ತು ವರ್ಷದಿಂದ ಮಕ್ಕಳನ್ನು ತೂಗುತ್ತಿರುವವಳು ಫಿಯಪೈಪೈ. ತಾನು ಬರೆಯುತ್ತೇನೆ, ಬರೆದದ್ದು ಮಾಯವಾಗುತ್ತದೆ ಎನ್ನುತ್ತಾಳೆ. ಮುದುಕಿಗೆ ಮರೆವು ಎಂದು ಕಚೇರಿಯವರು ತೀರ್ಮಾನಿಸಿಬಿಟ್ಟಿದ್ದರು. ಈ ಸಲವೂ ಪಟ್ಟಿ ಬರದಿದ್ದರೆ ತಕ್ಕಡಿಯನ್ನು ಬೇರೆ ಯಾರಿಗಾದರೂ ಒಪ್ಪಿಸಿ ಬಾ ಎಂದು ಲೆಮಾಪುವಿಗೆ ಹೇಳಿ ಕಳಿಸಿದ್ದರು.

“ನನ್ನ ತಲೆ ನೆಟ್ಟಗಿದೆಯಾ ಅಂತ ನೋಡೋಕೆ ಬಂದ್ಯಾ ಮಗಳೇ?” ಎಂದಳು ಫಿಯಪೈಪೈ, ಚಾಪೆ ಹಾಸುತ್ತ. “ನೋಡು. ಆಮೇಲೆ ನನಗೂ ಹೇಳು.”

ತಾಯಂದಿರು ತೋಟದಿಂದ ಮರಳುವುದೇ ಸಂಜೆಗೆ. ಒದ್ದಾಡುವ ಕೂಸುಗಳನ್ನು ಒಂದೊಂದಾಗಿ ಜೋಳಿಗೆಯಲ್ಲಿಟ್ಟು, ತಕ್ಕಡಿಯ ಕೊಕ್ಕೆಗೆ ತೂಗಿಬಿಟ್ಟು, ಮುಳ್ಳು ನಿಲ್ಲುವವರೆಗೆ ಮುದುಕಿ ಉಸಿರು ಹಿಡಿಯುತ್ತಿದ್ದಳು. ಆಮೇಲೆ ಕಚೇರಿ ಕೊಟ್ಟ ಟ್ಯಾಬಿನಲ್ಲಿ ಒಂದೇ ಬೆರಳಿನಿಂದ ಅಂಕಿ ಒತ್ತುತ್ತಿದ್ದಳು. ಒಂದೂ ತಪ್ಪಲಿಲ್ಲ. ಲೆಮಾಪುವಿಗೆ ತಲೆಬುಡ ತಿಳಿಯಲಿಲ್ಲ. ಹದಿಮೂರು ಮಕ್ಕಳಾದವು. ಹದಿನಾಲ್ಕನೆಯದನ್ನು ಬರೆದು ಪಟ್ಟಿ ಕಳಿಸುವಷ್ಟರಲ್ಲಿ, ಗಂಟೆಯ ಬದಲು ಮಾವಿನ ಮರಕ್ಕೆ ಕಟ್ಟಿದ ಖಾಲಿ ಗ್ಯಾಸ್ ಸಿಲಿಂಡರನ್ನು ಯಾರೋ ಬಡಿದರು.

ಸಂಜೆಯ ಪ್ರಾರ್ಥನೆ. ದಾರಿಯಲ್ಲಿದ್ದವರು ಅಲ್ಲಲ್ಲೇ ಕೂತರು. ಫಿಯಪೈಪೈ ಕೈಯಲ್ಲಿದ್ದ ಟ್ಯಾಬನ್ನು ಚಾಪೆಯ ಮೇಲಿಟ್ಟಳು. ಒಂದು ಹಾಡು, ಬೈಬಲಿನ ಒಂದು ಅಧ್ಯಾಯ, ಅವಳ ಗಂಡನ ಉದ್ದನೆಯ ಬಿನ್ನಹ. ಲೆಮಾಪುವೂ ತಲೆ ತಗ್ಗಿಸಿದ್ದಳು.

ಕಣ್ಣು ತೆರೆದಾಗ ಟ್ಯಾಬಿನಲ್ಲಿ ಮೊದಲ ಪುಟವಿತ್ತು. ಒಂದೂ ಹೆಸರಿರಲಿಲ್ಲ.

“ಯಾರು ಮುಟ್ಟಿದ್ರು?” ಎಂದಳು ಲೆಮಾಪು. ಮಕ್ಕಳನ್ನು ನೋಡಿದಳು, ಬೆಕ್ಕನ್ನೂ ನೋಡಿದಳು. ಯಾರೂ ಮುಟ್ಟಿರಲಿಲ್ಲ.

ಯಾರೂ ಮುಟ್ಟಿರಲಿಲ್ಲ! ಆಗ ಅವಳಿಗೆ ಆ್ಯಪಿಗೆ ತಾನೇ ಬರೆದ ಆಜ್ಞೆಯ ಸಾಲು ನೆನಪಾಯಿತು: ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಬಳಸುವವರು ಎದ್ದುಹೋದರೆಂದು ತಿಳಿದು, ಮಕ್ಕಳ ವಿವರ ಪರರ ಕಣ್ಣಿಗೆ ಬೀಳದಂತೆ ಎಲ್ಲವನ್ನೂ ಅಳಿಸಿಬಿಡು. ಅದು ಕೆಟ್ಟಿರಲಿಲ್ಲ, ಹೇಳಿದಂತೆ ನಡೆದಿತ್ತು. ಬೇರೆ ಹಳ್ಳಿಗಳಲ್ಲಿ ತೂಗುವುದು ಬೆಳಿಗ್ಗೆ. ಹುಟ್ಟಿದಾಗಿನಿಂದ ಪ್ರತಿ ಸಂಜೆ ಹೀಗೇ ತಲೆ ತಗ್ಗಿಸಿದ ತನಗೆ ಅದೇಕೆ ಹೊಳೆಯಲಿಲ್ಲವೋ ಅವಳಿಗೇ ಅರ್ಥವಾಗಲಿಲ್ಲ.

ತಡವರಿಸುತ್ತ ಎಲ್ಲವನ್ನೂ ಹೇಳಿದಳು. ಹತ್ತನ್ನು ಮೂವತ್ತು ಮಾಡುವೆನೆಂದಳು.

“ಪಾದ್ರಿ ಊಟಕ್ಕೆ ಬಂದ ದಿನ ಮೂವತ್ತು ಸಾಲಲ್ಲ,” ಎಂದಳು ಫಿಯಪೈಪೈ. “ಅಲ್ಲ ಮಗಳೇ, ನನ್ನ ಕೆಲಸ ಮುಗೀತು ಅಂತ ಅದಕ್ಕೆ ಯಾರು ಹೇಳಿದ್ದು? ಪರದೆ ಬೇಕಾದ್ರೆ ಮುಚ್ಕೊಳ್ಳಲಿ. ಬರೆದದ್ದನ್ನ ಅಳಿಸೋಕೆ ನನ್ನ ಕೇಳಬೇಕಾ ಬೇಡ್ವಾ?”

ಲೆಮಾಪು ಎದ್ದು ಕಚೇರಿಯ ಮುಖ್ಯಸ್ಥರ ಮನೆಗೆ ಫೋನು ಮಾಡಿ, ಮರೆವು ಮುದುಕಿಯದಲ್ಲ, ತನ್ನದು; ತಕ್ಕಡಿ ಅವಳಲ್ಲೇ ಇರಲಿ ಎಂದಳು. ಅತ್ತ ಕಡೆಯವರು ಅರ್ಥವಾಗದೆ ಎರಡು ಸಲ ಕೇಳಿದರು. ಎರಡು ಸಲವೂ ಹೇಳಿದಳು.

ವಾಪಸು ಬಂದು ಕೂತಾಗ ಫಿಯಪೈಪೈ ಹದಿನಾಲ್ಕೂ ತೂಕಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಮೊದಲಿನಿಂದ ಒತ್ತತೊಡಗಿದ್ದಳು. ಬೇಗ ಮುಗಿಯಲೆಂದು ಲೆಮಾಪು ಕೈಚಾಚಿದಳು.

ಮುದುಕಿ ಟ್ಯಾಬನ್ನು ತನ್ನ ಮಡಿಲ ಕಡೆಗೆ ಸರಿಸಿಕೊಂಡಳು.