ಹದಿನೇಳನೇ ನಂಬರಿನ ಕಡೆಯವರು

ಪೆಟ್ರೋಲು ಮತ್ತು ನಿಂಬೆಹಣ್ಣು ಕೂಡಿದ ಒಂದು ವಾಸನೆಯಿದೆ. ನನಗೆ ಅದು ಅಪ್ಪನ ಕೈಯ ವಾಸನೆ. ಇಂಡಿಯಲ್ಲಿ ನಮ್ಮದು ನಿಂಬೆಹಣ್ಣಿನ ವ್ಯಾಪಾರ. ಹಣ್ಣನ್ನು ಸೊಲ್ಲಾಪುರಕ್ಕೆ ಒಯ್ಯಲು ಹಳೆಯದೊಂದು ಜೀಪಿತ್ತು. ಅದು ವಾರಕ್ಕೊಮ್ಮೆ ಕೆಡುತ್ತಿತ್ತು, ಅಪ್ಪನೇ ಬಿಚ್ಚಿ ಕೂಡಿಸುತ್ತಿದ್ದ. ಕೆಲಸ ಮುಗಿದ ಮೇಲೆ ಕಲೆ ಬಿದ್ದ ಹಣ್ಣೊಂದನ್ನು ಹಿಂಡಿ ಕೈಗೆ ತಿಕ್ಕಿಕೊಂಡು, ಅದೇ ಕೈಯಿಂದ ನನ್ನ ಗಲ್ಲ ಹಿಡಿದು, "ಸುವರ್ಣಾ, ಕಣ್ಣು ಮುಚ್ಚಿ ಸಪ್ಪಳಾ ಕೇಳು. ಬರೋಬ್ಬರಿ ಆಗೇತೇನು?" ಎನ್ನುತ್ತಿದ್ದ. ಆಗಿಲ್ಲವೆಂದು ನಾನು ತಲೆಯಾಡಿಸಿದರೆ ಮತ್ತೆ ಬಿಚ್ಚುತ್ತಿದ್ದ.

ಈಗ ನನಗೆ ಎಪ್ಪತ್ತೊಂದು. ಸಿಂದಗಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡು ಮೂವತ್ತು ವರ್ಷ ಕಳೆದೆ. ಮದುವೆಯಾಗಲಿಲ್ಲ, ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ನಿವೃತ್ತಿಯ ದಿನ ವಿದ್ಯಾರ್ಥಿಗಳು ಶಾಲು ಹೊದಿಸಿದ ಮೇಲೆ, ನನಗೆ ನಿಜವಾಗಿ ಏನು ಇಷ್ಟವೆಂದು ಯಾರೋ ತಿಳಿದುಕೊಂಡು, ಒಂದು ಸ್ಟಾಪ್‌ವಾಚನ್ನೂ ಕೊಟ್ಟರು. ಅಂದಿನಿಂದ ಎಲ್ಲಿ ಕಾರಿನ ಓಟವಿದ್ದರೂ ನನ್ನ ಮಾರುತಿ ಎಂಟುನೂರು ತೆಗೆದುಕೊಂಡು ಒಬ್ಬಳೇ ಹೊರಡುತ್ತೇನೆ. ಕೊಲ್ಹಾಪುರಕ್ಕೆ ಹೋಗಿದ್ದೇನೆ. ಒಮ್ಮೆ ರೈಲು ಹಿಡಿದು ಕೊಯಮತ್ತೂರಿಗೂ ಹೋದೆ. ಹಗ್ಗದಾಚೆ ನಿಂತು ಒಂದೊಂದು ಕಾರಿನ ಸಮಯ ಬರೆದುಕೊಳ್ಳುತ್ತೇನೆ, ಕಾರಿನಲ್ಲಿ ಕೂತು ಎರಡು ಬಾಳೆಹಣ್ಣು ತಿನ್ನುತ್ತೇನೆ, ತಿರುಗಿ ಬರುತ್ತೇನೆ.

ಎಲ್ಲಿ ಹೋದರೂ ಒಂದು ಪ್ರಶ್ನೆ ತಪ್ಪಿದ್ದಲ್ಲ. ಯಾರ ಕಡೆಯವರು? ಮದುವೆ ಮನೆಯಲ್ಲಿ ಕೇಳಿದ ಹಾಗೆ. ಯಾರ ಕಡೆಯವಳೂ ಅಲ್ಲ, ನೋಡಲು ಬಂದೆ ಎಂದರೆ ಜನ ನಗುತ್ತಾರೆ, ಇಲ್ಲವೇ ಪಾಪ ಎನ್ನುವಂತೆ ನೋಡುತ್ತಾರೆ.

ಈ ಫೆಬ್ರುವರಿಯಲ್ಲಿ ಹೂವಿನ ಹಿಪ್ಪರಗಿಯ ಹತ್ತಿರ, ತೊಗರಿ ಕೊಯ್ದ ಹೊಲವೊಂದರಲ್ಲಿ ಬಸವನ ಬಾಗೇವಾಡಿಯ ಹುಡುಗರು ಓಟ ಇಟ್ಟಿದ್ದರು. ಕಪ್ಪು ಎರಿ ಮಣ್ಣಿಗೆ ನೀರು ಹೊಡೆದು, ರೋಲರು ಉರುಳಿಸಿ, ತಿರುವುಗಳಿಗೆ ಹಳೆಯ ಟೈರು ಇಟ್ಟಿದ್ದರು. ಒಂದು ಸಲಕ್ಕೆ ಒಂದೇ ಕಾರು, ಎರಡು ಸುತ್ತು. ಯಾರಿಗೆ ಕಡಿಮೆ ಹೊತ್ತು ಹಿಡಿಯುತ್ತದೋ ಅವರು ಗೆದ್ದಂತೆ. ನಸುಕಿನಲ್ಲೇ ಎದ್ದು, ಇಂಡಿಯ ಮನೆಯಿಂದ ಹೊರಟು, ತಾಂಬಾ, ಸಿಂದಗಿ ದಾಟಿ ಹತ್ತು ಗಂಟೆಗೆ ಅಲ್ಲಿ ಮುಟ್ಟಿದೆ. ಬಿಸಿಲು ಆಗಲೇ ಏರಿತ್ತು.

ಬಾಗಿಲಲ್ಲಿ ರಿಜಿಸ್ಟರು ಹಿಡಿದು ಸೌಂದರ್ಯಾ ಎಂಬ ಹುಡುಗಿ ಕುಳಿತಿದ್ದಳು.

"ಯಾರ ಕಡಿಯವ್ರರಿ ಅಮ್ಮಾರ? ಮನಿಯವ್ರಾದ್ರ ಒಳಗ ಪೆಂಡಾಲಿನ್ಯಾಗ ಕುರ್ಚಿ ಐತ್ರಿ. ಬರೇ ನೋಡಾಕ ಬಂದವ್ರು ಹಗ್ಗದ ಆಚೀಕ ನಿಂದರಬೇಕು."

ಹಗ್ಗದಾಚೆ ಇನ್ನೂರು ಗಂಡಸರು ಬಿಸಿಲಲ್ಲಿ ನಿಂತಿದ್ದರು. ಪೆಂಡಾಲಿನ ಪಕ್ಕದಲ್ಲೇ ಕಾರುಗಳಿದ್ದವು, ಬಾನೆಟ್ಟು ತೆರೆದುಕೊಂಡು. ಗಾಳಿ ತಿರುಗಿ ಪೆಟ್ರೋಲಿನ ವಾಸನೆ ಬಂತು. ನನ್ನ ಮೊಣಕಾಲು ಬೆಳಗಿನಿಂದ ನೋಯುತ್ತಿತ್ತು. ಎಲ್ಲಕ್ಕಿಂತ ಹತ್ತಿರವಿದ್ದ ಕಾರಿನ ಮೇಲೆ ಬಿಳಿ ಬಣ್ಣದಲ್ಲಿ ಹದಿನೇಳು ಎಂದು ಬರೆದಿತ್ತು.

"ಹದಿನೇಳನೇ ನಂಬರು," ಎಂದೆ.

"ಮುದ್ದೇಬಿಹಾಳದ ಸುನೀಲಕುಮಾರ ಅಣ್ಣಾರ ತಾಯಿಯೇನ್ರಿ? ಬರ್ರಿ ಬರ್ರಿ!"

ನಾನು ಇಲ್ಲವೆನ್ನಲಿಲ್ಲ. ಅವಳು ತಾನೇ ಕುರ್ಚಿ ತಂದಳು. ನಾನು ಕೂತ ಮೇಲೆ ಕಾಲಿಗೆ ಬಿಸಿಲು ಬೀಳುವುದನ್ನು ನೋಡಿ, ಏಳಗೊಡದೆ, ಕುರ್ಚಿ ಸಮೇತ ನನ್ನನ್ನು ನೆರಳಿಗೆ ಸರಿಸಿದಳು. ಸುಳ್ಳು ಹೇಳಿದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ನಾಲ್ಕೈದು ಕಾರುಗಳು ಓಡಿದವು, ಸಮಯ ಬರೆದುಕೊಂಡೆ. ಎದುರಿಗೆ ಸುನೀಲಕುಮಾರ ಕುಕ್ಕರಗಾಲಲ್ಲಿ ಕೂತು ಎಡಗಡೆಯ ಮುಂದಿನ ಗಾಲಿ ಹಾಕುತ್ತಿದ್ದ. ಮೂವತ್ತೈದರ ಆಸುಪಾಸಿನ, ತೆಳ್ಳಗಿನ ಮನುಷ್ಯ. ನಾಲ್ಕೂ ನಟ್ಟುಗಳನ್ನು ಬೆರಳಿನಿಂದ ತಿರುಗಿಸಿ ಕೂಡಿಸಿದ್ದ. ಸ್ಪ್ಯಾನರಿನಿಂದ ಒಂದನ್ನು ಬಿಗಿ ಮಾಡಿದ. ಪ್ರಯೋಗಾಲಯದ ರೂಢಿ, ನಾನು ಎಣಿಸುತ್ತಿದ್ದೆ. ಅಷ್ಟರಲ್ಲಿ ಸೌಂದರ್ಯಾ ದೂರದಿಂದಲೇ ಕೂಗಿದಳು.

"ಅಣ್ಣಾ, ನಿಮ್ಮವ್ವಾರು ಬಂದಾರ! ಪೆಂಡಾಲಿನ್ಯಾಗ ಕುಂದರ್ಸೇನಿ!"

ಸ್ಪ್ಯಾನರು ಅವನ ಕೈಯಿಂದ ಬಿತ್ತು. ಅವನು ಓಡುತ್ತಲೇ ಬಂದ. ಅಲ್ಲಿ ಇಪ್ಪತ್ತು ಹೆಂಗಸರಿದ್ದೆವು. ಒಂದೊಂದೇ ಮುಖ ನೋಡುತ್ತ ಹೋದ. ನನ್ನ ಮುಖವನ್ನೂ ನೋಡಿ ದಾಟಿದ. "ಅವ್ವಾ?" ಎಂದ, ಯಾರಿಗೂ ಅಲ್ಲದಂತೆ.

"ಯಾಕೋ ತಮ್ಮಾ, ಅವ್ವನ್ನ ಕಳಕೊಂಡಿಯೇನು? ಮೈಕಿನ್ಯಾಗ ಕೂಗಸು!" ಎಂದು ಒಬ್ಬಾಕೆ ಚಾಷ್ಟಿ ಮಾಡಿದಳು. ಎಲ್ಲರೂ ನಕ್ಕರು. ನಾನು ಸ್ಟಾಪ್‌ವಾಚು ನೋಡುತ್ತ ತಲೆ ತಗ್ಗಿಸಿದೆ.

ಮೈಕಿನಲ್ಲಿ ಹದಿನೇಳನೇ ನಂಬರು ಕೂಗಿದರು. ಅವನು ಇನ್ನೊಮ್ಮೆ ಹಿಂದೆ ತಿರುಗಿ ನೋಡಿ, ಹೋಗಿ ಹೆಲ್ಮೆಟ್ಟು ಹಾಕಿಕೊಂಡು ಕಾರಿನಲ್ಲಿ ಕೂತ. ಸ್ಪ್ಯಾನರು ಬಿದ್ದಲ್ಲೇ ಬಿದ್ದಿತ್ತು. ಮೂರು ನಟ್ಟು ಹಾಗೆಯೇ ಉಳಿದಿದ್ದವು.

ಬಾವುಟ ಬೀಳಲು ಸುಮಾರು ನಲವತ್ತು ಸೆಕೆಂಡು ಇತ್ತು. ನಲವತ್ತು ಸೆಕೆಂಡಿನಲ್ಲಿ ಎದ್ದು ಕೂಗಬಹುದಿತ್ತು. ಆದರೆ ಅವನು ಹೆಲ್ಮೆಟ್ಟು ತೆಗೆದು, ಈಕಿ ನಮ್ಮವ್ವ ಅಲ್ಲ ಎಂದುಬಿಟ್ಟರೆ? ಆ ಹೆಂಗಸರ ನಗು ಈಗಲೇ ನನ್ನ ಕಿವಿಯಲ್ಲಿತ್ತು. ನಾನು ನೋಡುವ ಮೊದಲೇ ಬಿಗಿ ಮಾಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಬಾವುಟ ಬಿತ್ತು. ಗುಂಡಿ ಒತ್ತಿದೆ.

ಮೊದಲ ಸುತ್ತು ಮುಗಿಸಿ ಅವನು ಪೆಂಡಾಲಿನ ಮುಂದೆ ಹಾಯ್ದಾಗ ಗಡಿಯಾರದ ಗುಂಡಿ ಒತ್ತಿ ಕಣ್ಣು ಮುಚ್ಚಿದೆ. ಎಂಜಿನ್ನಿನ ಅಬ್ಬರದ ಕೆಳಗೆ ಕಟ್, ಕಟ್ ಎಂದು ಬೇರೆ ಸದ್ದೊಂದಿತ್ತು. ಬರೋಬ್ಬರಿ ಇರಲಿಲ್ಲ.

ಎದ್ದು ಹಗ್ಗದ ಬಳಿ ಬಾವುಟಗಳನ್ನು ಹಿಡಿದು ನಿಂತಿದ್ದ ಸಿದ್ರಾಮನ ಹತ್ತಿರ ಹೋದೆ. ಐವತ್ತು ದಾಟಿದ, ಸಮಾಧಾನದ ಮನುಷ್ಯ.

"ಕೆಂಪು ಬಾವುಟ ತೋರಸ್ರಿ. ಎಡಗಡೆ ಮುಂದಿನ ಗಾಲಿ ಕಳಚಾಕತ್ತೇತಿ."

"ಅಂಜಬ್ಯಾಡ್ರಿ ಅವ್ವಾರ," ಎಂದು ಅವನು ನಕ್ಕ. "ಮಗ ಓಡಸೂ ಮುಂದ ಎಲ್ಲಾ ತಾಯಂದ್ರಿಗೂ ಹಿಂಗ ಅನಸ್ತೈತಿ. ಹೋಗಿ ಕುಂದರ್ರಿ, ನೀರು ಕುಡೀರಿ."

"ನಾ ಅವನ ತಾಯಿ ಅಲ್ಲ!"

ಇಡೀ ಪೆಂಡಾಲಿಗೆ ಕೇಳುವಷ್ಟು ಜೋರಾಗಿ ಹೇಳಿದ್ದೆ.

"ನಾ ಯಾರೂ ಅಲ್ಲ. ಮೂರು ನಟ್ಟು ಬಿಗಿ ಮಾಡಿಲ್ಲ ಅಂವಾ. ನಾ ಎಣಿಸೇನಿ."

ಸಿದ್ರಾಮ ನನ್ನ ಮುಖ ನೋಡಿದ. ಆಮೇಲೆ ಕೆಂಪು ಬಾವುಟ ಎತ್ತಿ ಎರಡೂ ಕೈಯಿಂದ ಬೀಸಿದ.

ಕಾರಿನ ವೇಗ ತಗ್ಗಿತು. ಕೊನೆಯ ತಿರುವಿನಲ್ಲಿ ಗಾಲಿ ವಾಲಿತು, ಕಳಚಿತು, ತನ್ನಷ್ಟಕ್ಕೆ ತಾನೇ ಉರುಳುತ್ತ ತೊಗರಿ ಕೂಳೆಗಳ ನಡುವೆ ಹೋಗಿ ಮಲಗಿತು. ಕಾರು ಒಂದು ಬದಿಗೆ ಕುಸಿದು ಧೂಳಿನಲ್ಲಿ ನಿಂತಿತು. ಅವನು ತಾನೇ ಬಾಗಿಲು ತೆಗೆದು ಇಳಿದ, ಬಲಗೈ ಮಣಿಕಟ್ಟು ಹಿಡಿದುಕೊಂಡು.

ತಿರುಗಿದರೆ ಸೌಂದರ್ಯಾ ನಿಂತಿದ್ದಳು. "ಮತ್ತ ಯಾರ್ರಿ ನೀವು?" ಎಂದಳು. ಸಿಟ್ಟಿನಿಂದಲ್ಲ. ಚೀಲ ತೆಗೆದುಕೊಂಡು ಹೊರಟೆ. ಪೆಂಡಾಲಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನಾನು ಬಗ್ಗಬಾರದೆಂದು ಸಿದ್ರಾಮ ಹಗ್ಗವನ್ನು ಎತ್ತಿ ಹಿಡಿದ.

ಬೇವಿನ ಮರದ ಕೆಳಗೆ ನನ್ನ ಕಾರು ನಿಂತಿತ್ತು. ಬಾಗಿಲು ತೆರೆದು ಕೂತೆ. ಕೀಲಿ ಹಾಕಿ, ತಿರುಗಿಸದೆ ತೆಗೆದು ಮಡಿಲಲ್ಲಿಟ್ಟುಕೊಂಡೆ. ದೂರದಲ್ಲಿ ಒಂದೊಂದೇ ಕಾರು ಓಡಿತು. ಮೊದಲ ಸಲ ನಾನು ಯಾವುದರ ಸಮಯವನ್ನೂ ಬರೆಯಲಿಲ್ಲ.

ಒಂದು ತಾಸಿನ ಮೇಲೆ ಸುನೀಲಕುಮಾರ ಬಂದ. ಮಣಿಕಟ್ಟಿಗೆ ಪಟ್ಟಿ ಸುತ್ತಿದ್ದರು. ಎಡಗೈಯಲ್ಲಿ ಬಟ್ಟೆಯ ಗಂಟೊಂದಿತ್ತು.

"ನಮ್ಮವ್ವ ಅಂತ ಹೇಳಿದವ್ರು ನೀವೇನ್ರಿ?" ಎಂದ.

"ಹೌದಪ್ಪ, ನಾನ. ನೆರಳಿಗೆ ಆಸೆ ಬಿದ್ದು ಸುಳ್ಳು ಹೇಳ್ದೆ. ನಟ್ಟು ಉಳದದ್ದು ನೀ ಹೊರಡೂಕಿಂತ ಮೊದಲ ನೋಡಿದ್ದೆ. ಒಂದು ಸುತ್ತು ಮುಗಿಯೂತನಕ ಬಾಯಿ ಬಿಡಲಿಲ್ಲ."

ಅವನು ಮಣಿಕಟ್ಟಿನ ಪಟ್ಟಿ ನೋಡಿಕೊಂಡ.

"ಸ್ಪ್ಯಾನರು ನನ್ನ ಕೈಯಾಗಿತ್ರಿ. ಬಿಗಿ ಮಾಡಬೇಕಾದಂವ ನಾನು," ಎಂದ. "ಆದ್ರ ಬ್ಯಾರೆ ಏನರ ಹೇಳಬೇಕಿತ್ರಿ. ಕಾಕು, ಅತ್ತಿ, ಏನರ. ಅವ್ವ ಅನಬಾರದಿತ್ತು."

"ತಪ್ಪಾತಪ್ಪ," ಎಂದೆ.

"ವರ್ಷ ಆತ್ರಿ ನಮ್ಮವ್ವ ನನ್ನ ಕೂಡ ಮಾತು ಬಿಟ್ಟು. ಈ ಆಟ ಬಿಡು ಅಂದ್ಳು, ನಾ ಬಿಡಲಿಲ್ಲ. ಒಂದ ಮನ್ಯಾಗ ಇರ್ತೀವಿ. ಓಟದ ದಿನ ಬುತ್ತಿ ಕಟ್ಟಿ ಕಾರಿನ ಬಾನೆಟ್ ಮ್ಯಾಲ ಇಟ್ಟು ಒಳಗ ಹೋಗ್ತಾಳ. ಮಾತಿಲ್ಲ. ಅದಕ್ಕ, ಬಂದಾಳ ಅಂದಕೂಡ್ಲೆ..."

ಅವನ ಬೆರಳುಗಳೆಲ್ಲ ಗ್ರೀಸಿನಿಂದ ಕಪ್ಪಾಗಿದ್ದವು. ಚೀಲದಲ್ಲಿ ಯಾವಾಗಲೂ ಎರಡು ನಿಂಬೆಹಣ್ಣು ಇರುತ್ತವೆ. ಒಂದನ್ನು ಕೊಯ್ದು ಅರ್ಧ ಅವನಿಗೆ ಕೊಟ್ಟೆ. "ತಿಕ್ಕೋ, ಹೋಗ್ತೈತಿ." ನೊಂದ ಕೈಯಿಂದ ತಿಕ್ಕಲು ಅವನಿಗೆ ಆಗಲಿಲ್ಲ. ಉಳಿದರ್ಧ ಹಿಡಿದು ನಾನೇ ತಿಕ್ಕಿದೆ. ಮಣಿಕಟ್ಟು ಅಲುಗದಂತೆ, ಒಂದೊಂದೇ ಬೆರಳು. ಅರವತ್ತು ವರ್ಷದ ಹಿಂದಿನ ಆ ವಾಸನೆ ಬಂತು. ನಾನು ಮುಖ ಆಚೆ ಮಾಡಿದೆ.

ಬಾಟಲಿಯ ನೀರಿನಿಂದ ಕೈ ತೊಳೆದುಕೊಂಡು ಅವನು ಕೇಳಿದ. "ಮೊದಲನೇ ಸುತ್ತು ಎಷ್ಟಕ್ಕ ಬಂದಿತ್ರಿ? ಗಡಿಯಾರ ಹಿಡದಿದ್ರಿ ಅಂತ ಸಿದ್ರಾಮಣ್ಣ ಹೇಳಿದ."

"ನಲವತ್ತೆಂಟು ಸೆಕೆಂಡು. ಅಲ್ಲೀತನಕ ಓಡಿದವ್ರ ಪೈಕಿ ಎಲ್ಲಾರಕಿಂತ ಕಡಿಮಿ."

ಅವನು ತಲೆಯಾಡಿಸಿದ. ನನ್ನ ಕಾರಿನ ಗಾಲಿಗೆ ಒರಗಿ ನೆಲದ ಮೇಲೆ ಕೂತು, ಗಂಟನ್ನು ಹಲ್ಲಿನಿಂದ ಬಿಚ್ಚಿದ. ನಾಲ್ಕು ಜೋಳದ ರೊಟ್ಟಿ, ಡಬ್ಬಿಯಲ್ಲಿ ಪುಂಡಿಪಲ್ಯ, ಕಾಗದದಲ್ಲಿ ಖಾರದ ಶೇಂಗಾ ಹಿಂಡಿ. ಒಂದು ಗಳಿಗೆ ಅದನ್ನೇ ನೋಡುತ್ತ ಕೂತ. ಆಮೇಲೆ ಎರಡು ರೊಟ್ಟಿ ತೆಗೆದು, ಮೇಲೆ ಪಲ್ಯ ಹಾಕಿ, ಅಂಚಿಗೆ ಹಿಂಡಿ ಇಟ್ಟು, ಏನೂ ಅನ್ನದೆ, ಪಟ್ಟಿ ಸುತ್ತಿದ ಕೈಯನ್ನೂ ಕೂಡಿಸಿ ನನ್ನ ಕಡೆ ಚಾಚಿದ.